ಮಾತು ಮುಗಿಯುವವರೆಗೂ

ಅಪ್ಪನ ಕಂಪ್ಯೂಟರ್ ಕೆಟ್ಟಿದೆ ಎಂದು ತಿಳಿದಾಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಕೆಡಲಿ, ಸುಟ್ಟು ಬೂದಿಯಾಗಲಿ ಅಂದುಕೊಂಡೆ. ಆದರೆ ಫೋನಿನಲ್ಲಿ ಅಪ್ಪ ಮುಂದಿನ ಮಾತು ಆಡಿದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಡಲೇಬೇಕಾಯಿತು.

"ಬಂದು ಸರಿ ಮಾಡಿಸಿಕೊಡು. ಆ ಮರೀದನ್ನ ಅಳಿಸಿಬಿಡ್ತೀನಿ, ಆಯ್ತಾ?"

ಮರೀದು ಅಂದರೇನು ಎಂದು ಹೇಳಬೇಕಾದರೆ ಅಪ್ಪ ಯಾರು ಎಂದು ಮೊದಲು ಹೇಳಬೇಕು. ಅಪ್ಪ ಜನರನ್ನು ನಗಿಸುವವನು. ಅದೇ ಅವನ ಕಸುಬು. ಅವನು ಮೈಕ್ ಹಿಡಿದು ನಿಂತನೆಂದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಕುಡುಕನ ನಡಿಗೆ, ಮೇಷ್ಟರ ಕೆಮ್ಮು, ರೈಲಿನ ಸದ್ದು, ಎಲ್ಲ ಮಾಡುತ್ತಾನೆ. ಆದರೆ ಜನ ಚೀಟಿ ಕಳಿಸಿ ಕೇಳುವುದು ಒಂದನ್ನೇ: ತತ್ತಮ್ಮ. ತತ್ತಮ್ಮ ಅಂದರೆ ನಾನು.

ನಾನು ಉಗ್ಗುತ್ತೇನೆ. ಬರೆಯುವಾಗ ಇಲ್ಲ, ಮನಸ್ಸಿನಲ್ಲೇ ಬೈದುಕೊಳ್ಳುವಾಗ ಅಂತೂ ಇಲ್ಲವೇ ಇಲ್ಲ. ಬಾಯಿ ಬಿಟ್ಟಾಗ ಮಾತ್ರ. ಚಿಕ್ಕವಳಿದ್ದಾಗ ಒಮ್ಮೆ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, ನನಗೂ ತಟ್ಟೆ ಕೊಡಿ ಎಂದು ಕೇಳಲು ಹೋಗಿ "ತ... ತ... ತಟ್ಟೆ" ಅಂದೆ. ನೆಂಟರು ನಕ್ಕರು. ಅಪ್ಪ ನಗಲಿಲ್ಲ; ಅವನ ಕಣ್ಣರಳಿತು. ಮುಂದಿನ ಕಾರ್ಯಕ್ರಮದಲ್ಲಿ ಮೈಕಿಗೆ ಬೆರಳಿನಿಂದ ಒಂದು ಸಲ ತಟ್ಟಿ "ತ!" ಅಂದ, ಇನ್ನೊಂದು ಸಲ ತಟ್ಟಿ "ತ!" ಅಂದ, ಮೂರನೆಯದಕ್ಕೆ ಅಂಗೈಯಿಂದಲೇ ಬಡಿದು "ತಟ್ಟೆ!" ಅಂದ. ಸಭೆಯಲ್ಲಿದ್ದವರು ಕುರ್ಚಿಯಿಂದ ಬೀಳುವುದೊಂದು ಬಾಕಿ. ಅಲ್ಲಿಂದ ಶಾಲೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ನಾನು ತತ್ತಮ್ಮ. ಅಮ್ಮ ಮುಂದಿನ ಸಾಲಿನಲ್ಲಿ ಕೂತು ಎಲ್ಲರ ಜೊತೆ ನಕ್ಕು, ಮನೆಗೆ ಬಂದು ನನಗೆ ತಲೆ ಬಾಚುತ್ತಿದ್ದಳು. ಅವಳೀಗ ಇಲ್ಲ. ಇದ್ದಿದ್ದರೂ ತಲೆ ಬಾಚುತ್ತಿದ್ದಳು, ಅಷ್ಟೇ.

ನನ್ನ ಗಂಡ ಕಂಪ್ಯೂಟರ್ ರಿಪೇರಿ ಮಾಡುವವರು. ನಮ್ಮ ಮದುವೆಯ ಸಂಜೆ ಅಪ್ಪ ಮೈಕ್ ಕಿತ್ತುಕೊಂಡು, "ಅಳಿಯ ಪುಣ್ಯವಂತ. ಇವಳು ಜಗಳ ಶುರು ಮಾಡಿ ಮುಗಿಸೋದ್ರೊಳಗೆ ಅವನು ಒಂದು ನಿದ್ದೆ ತೆಗೆದು ಎದ್ದಿರ್ತಾನೆ" ಅಂದ. ಅದರ ಹಿಂದೆಯೇ ತಟ್ಟೆ. ನನ್ನ ಗಂಡ ನಗಲಿಲ್ಲ. ಅವತ್ತಿನಿಂದ ಅವರು ಅಪ್ಪನ ಜೊತೆ ಒಂದು ಮಾತೂ ಆಡಿಲ್ಲ, ಆ ಮನೆಯ ಹೊಸ್ತಿಲು ತುಳಿದಿಲ್ಲ. ಅಪ್ಪ ಅವರಿಗೆ 'ಸ್ಕ್ರೂ' ಎಂದು ಹೆಸರಿಟ್ಟ. ಒಬ್ಬರಿಗೊಬ್ಬರು ಏನಾದರೂ ಹೇಳಬೇಕಾದರೆ ನಡುವೆ ನಾನು. ಮಾತು ಬಾರದವಳ ಬಾಯಿಂದಲೇ ಮಾತಾಡಿಸಬೇಕಂತೆ ಇಬ್ಬರಿಗೂ! ದೇವರಿಗೇ ಪ್ರೀತಿ.

ಇನ್ನು ಮರಿ. ಮರಿ ಅಂದರೆ ನನ್ನ ಮಗಳು. ಈಗಷ್ಟೇ ಶಾಲೆಗೆ ಹೋಗತೊಡಗಿದ್ದಾಳೆ. ಕಳೆದ ವರ್ಷ ಅವಳ ಮಾತೂ ತಡವರಿಸಲು ಶುರುವಾಯಿತು. ಡಾಕ್ಟರು ಸಮಾಧಾನ ಹೇಳಿದರು: "ಇನ್ನೂ ಚಿಕ್ಕ ಮಗು, ಸರಿಹೋಗುತ್ತೆ. ನೀವು ಮಾಡಬೇಕಾದ್ದು ಇಷ್ಟೇ. ಅವಳ ಮಾತು ಮುಗಿಯೋವರೆಗೂ ಕಾಯಿರಿ. ನೀವೇ ಮುಗಿಸಬೇಡಿ. ನಗಬೇಡಿ." ನಾವಿಬ್ಬರೂ ಕಾದೆವು. ಮಗಳು ನಿಜವಾಗಿಯೂ ಸುಧಾರಿಸುತ್ತಿದ್ದಳು. ಅಷ್ಟರಲ್ಲಿ ಒಂದು ದಿನ ನನ್ನ ಗಂಡ ಅಂಗಡಿಗೆ ಹೋಗಿದ್ದಾಗ ಮನೆಗೆ ಬಂದ ಅಪ್ಪ, ಅವಳು "ನೀ... ನೀ... ನೀರು" ಎಂದು ಕೇಳಿದ್ದನ್ನು ಗುಟ್ಟಾಗಿ ಫೋನಿನಲ್ಲಿ ಹಿಡಿದುಕೊಂಡು ಹೋದ. ಮುಂದಿನ ಕಾರ್ಯಕ್ರಮದಲ್ಲಿ ಅದನ್ನು ದೊಡ್ಡ ಪರದೆಯ ಮೇಲೆ ಹಾಕಿಸಿ, ಪಕ್ಕದಲ್ಲಿ ನಿಂತು ತಾನೂ ಮಾಡಿದ. 'ಮರಿ ತತ್ತಮ್ಮ' ಅಂತೆ. ಮಗಳ ತರಗತಿಯ ಹುಡುಗಿಯೊಬ್ಬಳು ತನ್ನ ಅಪ್ಪ ಅಮ್ಮನ ಜೊತೆ ಅಲ್ಲಿಗೆ ಹೋಗಿದ್ದಳಂತೆ. ಆಮೇಲೆ ನನ್ನ ಮಗಳು ಶಾಲೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಈಗ ನೀರು ಬೇಕಾದರೆ ಬೆರಳು ತೋರಿಸುತ್ತಾಳೆ.

ಅಪ್ಪನ ಕಾರ್ಯಕ್ರಮಗಳೆಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿವೆ. ಅಂಗೈಯಗಲದ ಕಪ್ಪು ಡಬ್ಬಿ. ವೈರಿನಿಂದ ಕಂಪ್ಯೂಟರಿಗೆ ಸಿಕ್ಕಿಸಬೇಕು. ಹಳೆಯ ಕ್ಯಾಸೆಟ್ಟುಗಳಲ್ಲಿದ್ದದ್ದನ್ನೆಲ್ಲ ಅದಕ್ಕೆ ಹಾಕಿಸಿ, ಬೂಷ್ಟು ಹಿಡಿದಿದ್ದ ಕ್ಯಾಸೆಟ್ಟುಗಳನ್ನು ಕಸಕ್ಕೆ ಎಸೆದಿದ್ದ. ಮಗಳದ್ದನ್ನೂ, ಫೋನಿನಲ್ಲಿ ಜಾಗ ಸಾಲದೆಂದು, ಅದಕ್ಕೇ ಸಾಗಿಸಿದ್ದ. ಈಗ ಯಾವುದೋ ಕಂಪನಿಯವರು ಬಂದು ಡಿಸ್ಕ್ ಒಯ್ದು ಎಲ್ಲವನ್ನೂ ಇಂಟರ್ನೆಟ್ಟಿಗೆ ಹಾಕುವವರಿದ್ದರು. ನನ್ನದು ಹೋಗಲಿ, ನನ್ನ ಮಾನ ಹರಾಜಾಗಿ ಎಷ್ಟೋ ಕಾಲವಾಯಿತು. ಮಗಳದ್ದೊಂದನ್ನು ಅಳಿಸು ಎಂದು ಅಪ್ಪನಿಗೆ ಕೈ ಮುಗಿದಿದ್ದೆ. ಅವನು ಕಿವಿಗೆ ಹಾಕಿಕೊಂಡಿರಲಿಲ್ಲ. ಕಂಪನಿಯವರು ಮರುದಿನವೇ ಬರುವವರಿದ್ದಾಗ, ಈಗ ತಾನಾಗಿಯೇ ಅಳಿಸುತ್ತೇನೆ ಅಂದಿದ್ದ. ನಂಬಿದೆ. ಮಗಳಿಗೆ ಶಾಲೆಗೆ ರಜೆ ಇತ್ತು, ಅವಳನ್ನೂ ಕರೆದುಕೊಂಡು ಹೋದೆ.

ಅಪ್ಪನ ಕೋಣೆಯ ಗೋಡೆ ತುಂಬಾ ಅಪ್ಪನದೇ ಫೋಟೋ. ಮಗಳನ್ನು ಬಣ್ಣದ ಪೆನ್ಸಿಲ್ಲು ಕೊಟ್ಟು ಹೊರಗಿನ ಕೋಣೆಯಲ್ಲಿ ಕೂರಿಸಿ, ನಾನು ಅಪ್ಪನ ಕುರ್ಚಿಯ ಪಕ್ಕ ನಿಂತು ಫೋನನ್ನು ಕಿವಿಗೆ ಹಚ್ಚಿಕೊಂಡೆ. ಅತ್ತ ಕಡೆ, ಅಂಗಡಿಯಲ್ಲಿ, ನನ್ನ ಗಂಡ.

"ಸ್ಪೀಕರ್ ಹಾಕಿದ್ರೆ ಕಟ್ ಮಾಡ್ತೀನಿ ನೋಡು," ಅಂದರು ಅವರು.

"ಸ್ಕ್ರೂ ಧ್ವನಿ ನನ್ನ ಕೋಣೇಲಿ ಕೇಳಿಸಬಾರದು," ಅಂದ ಅಪ್ಪ.

ಅಂತೂ ಒಂದು ವಿಷಯದಲ್ಲಾದರೂ ಇಬ್ಬರೂ ಒಮ್ಮತಕ್ಕೆ ಬಂದರಲ್ಲ! ಕಂಪ್ಯೂಟರಿಗೆ ಏನಾಗಿದೆ ಎಂದು ಅಪ್ಪನನ್ನು ಕೇಳಿದೆ.

"ಆನ್ ಮಾಡಿದ್ರೆ ಪರದೆ ಕಪ್ಪು. ಮೂಲೇಲಿ ಒಂದು ಗೆರೆ ಮಿಟಿಮಿಟಿ ಅಂತಿದೆ. ಮುಂದಕ್ಕೆ ಹೋಗಲ್ಲ," ಅಂದ ಅಪ್ಪ. ನಾನು ಅದನ್ನು ಫೋನಿಗೆ ಹೇಳಿ ಮುಗಿಸುವಷ್ಟರಲ್ಲಿ ಅವನು ಬೇಕೆಂದೇ ದೊಡ್ಡದಾಗಿ ಆಕಳಿಸಿದ.

"ಸಿಕ್ಸಿರೋದನ್ನೆಲ್ಲ ಒಂದೊಂದಾಗಿ ಬಿಚ್ಚೋಕೆ ಹೇಳು," ಅಂದರು ನನ್ನ ಗಂಡ. "ಮೊದಲು ಆ ಡಿಸ್ಕು."

ಅಪ್ಪ ಡಿಸ್ಕ್ ಮುಟ್ಟಲು ಬಿಡಲಿಲ್ಲ. "ನನ್ನ ಜೀವ ಇರೋದೇ ಅದರಲ್ಲಿ" ಎಂದು ಪ್ರಿಂಟರ್ ಬಿಚ್ಚಿದ. ಪರದೆ ಕಪ್ಪಗೇ ಇತ್ತು. ಸ್ಪೀಕರ್ ಬಿಚ್ಚಿದ, ಆಗಲೂ ಅಷ್ಟೇ. ಕೊನೆಗೆ ಹಲ್ಲು ಕಚ್ಚಿಕೊಂಡು ಡಿಸ್ಕ್ ಬಿಚ್ಚಿದಾಗ ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು.

"ಅದು ಡಿಸ್ಕಿಂದ ಏಳೋಕೆ ನೋಡ್ತಿತ್ತು," ನನ್ನ ಗಂಡ ಬಿಡಿಸಿ ಹೇಳಿದರು. "ಡಿಸ್ಕಲ್ಲಿ ಇರೋದು ಬರೀ ನಿಮ್ಮಪ್ಪನ ವೇಷ, ಅದರಿಂದ ಕಂಪ್ಯೂಟರ್ ಏಳುತ್ತಾ? ಪೂರ್ತಿ ಎದ್ದ ಮೇಲೆ ಸಿಕ್ಸಲಿ."

ಸಿಕ್ಕಿಸಿದ. ಟಿಂಗ್ ಎಂದು ಡಿಸ್ಕ್ ಬಂತು, ಟೊಂಗ್ ಎಂದು ಹೋಯಿತು. ಮತ್ತೆ ಟಿಂಗ್, ಮತ್ತೆ ಟೊಂಗ್. ಅಪ್ಪನ ಮುಖ ಊರಗಲವಾಯಿತು.

"ನೋಡೇ ತತ್ತಮ್ಮ, ಇದೂ ಉಗ್ಗುತ್ತಿದೆ! ನಿನ್ನ ವಂಶವೇ ಇದು!"

ವೈರು ಸಡಿಲ ಇರಬೇಕು, ಕಂಪ್ಯೂಟರಿನ ಮುಂಭಾಗದ ತೂತಿನಲ್ಲಿ ಕರೆಂಟೂ ಸಾಲುವುದಿಲ್ಲ, ಬರುವಾಗ ಅಂಗಡಿಯಲ್ಲಿ ಕೊಟ್ಟ ಗಿಡ್ಡ ವೈರನ್ನು ಹಿಂದುಗಡೆ ಸಿಕ್ಕಿಸು ಎಂದು ನನ್ನ ಗಂಡ ಹೇಳಿದರು. "ಇನ್ನೊಂದು ನೆನಪಿರಲಿ. ಡಿಸ್ಕಿನ ಲೈಟು ಮಿಣುಕ್ತಿರೋವಾಗ ಯಾವ ಕಾರಣಕ್ಕೂ ವೈರು ಎಳೀಬಾರದು. ಒಳಗಿರೋದು ಕೆಡುತ್ತೆ." ಇದಷ್ಟನ್ನೂ ಅಪ್ಪನಿಗೆ ಕಷ್ಟಪಟ್ಟು ದಾಟಿಸಿ, ಮೇಜಿನ ಕೆಳಗೆ ತೂರಿ, ಧೂಳಿನಲ್ಲಿ ಮಂಡಿಯೂರಿ ವೈರು ಬದಲಾಯಿಸಿದೆ. ಟಿಂಗ್ ಅಂದಿತು. ಹೋಗಲಿಲ್ಲ. ಅಪ್ಪನ ಕಾರ್ಯಕ್ರಮಗಳೆಲ್ಲ ಪರದೆಯ ಮೇಲೆ ಸಾಲಾಗಿ ಬಂದವು.

"ಅ... ಅಪ್ಪ, ಮ... ಮಗಳದ್ದು ಅಳಿಸು."

"ಅಳಿಸ್ತೀನಿ ಇರೇ, ಓಡುತ್ತಾ ಇಲ್ವಾ ನೋಡೋಣ ಮೊದಲು" ಎಂದವನೇ ಸ್ಪೀಕರಿನ ವೈರು ಸಿಕ್ಕಿಸಿ, ಎಲ್ಲ ಬಿಟ್ಟು ಮಗಳದ್ದನ್ನೇ ಒತ್ತಿದ. ನನ್ನ ಮಗಳ ಮುಖ ಪರದೆ ತುಂಬ ಬಂತು. "ನೀ... ನೀ..." ಅಂದಳು. ಅಲ್ಲಿಗೇ ಕಂಪ್ಯೂಟರ್ ಸಿಕ್ಕಿಹಾಕಿಕೊಂಡಿತು. ಮುಖ ಅಲ್ಲಾಡಲಿಲ್ಲ, ಸ್ಪೀಕರಿನಿಂದ ಮಾತ್ರ ನೀ ನೀ ನೀ ನೀ ಎಂದು ಒಂದೇ ಸಮನೆ ಬರುತ್ತಿತ್ತು. ಅಪ್ಪ ನಕ್ಕ ನೋಡಿ! ಮೇಜು ಕುಟ್ಟಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಇದನ್ನ ಅಳಿಸೋದಾ? ಹುಚ್ಚು ಹಿಡಿದಿದೆಯಾ ನಿನಗೆ? ಹೀಗೇ ಸಿಕ್ಕಿಹಾಕಿಕೊಂಡಿರೋ ಹಾಗೇ ಮಾಡಿಸ್ತೀನಿ. ಎಲ್ಲಕ್ಕಿಂತ ಮೊದಲು ಇದನ್ನೇ ಹಾಕಿಸ್ತೀನಿ!"

"ಅ... ಅಳಿಸ್ತೀನಿ ಅಂ... ಅಂದಿದ್ದೆ ನೀನು."

"ಅಂ... ಅಂ... ಅಂದಿದ್ದೆ," ಅಂದ ಅಪ್ಪ, ನನ್ನ ಧ್ವನಿಯಲ್ಲೇ.

ಬಾಗಿಲ ಕಡೆ ನೋಡಿದೆ. ಮಗಳು ಪೆನ್ಸಿಲ್ಲು ಹಿಡಿದು ನಿಂತಿದ್ದಳು. ಸ್ಪೀಕರಿನಿಂದ ಅವಳದೇ ಧ್ವನಿ ಬರುತ್ತಲೇ ಇತ್ತು. ಅವಳು ಇನ್ನೊಂದು ಕೈಯನ್ನು ಎತ್ತಿ ತನ್ನ ಬಾಯಿ ಮುಚ್ಚಿಕೊಂಡಳು. ಸ್ಪೀಕರಿನ ಸದ್ದು ತನ್ನ ಬಾಯಿಂದಲೇ ಬರುತ್ತಿದೆ, ಮುಚ್ಚಿಕೊಂಡರೆ ನಿಲ್ಲುತ್ತದೆ ಅಂದುಕೊಂಡಳೋ ಏನೋ.

"ಸಿಕ್ಕಿಹಾಕಿಕೊಂಡಿದ್ರೆ ಲೈಟ್ ನಿಲ್ಲೋವರೆಗೂ ಕಾಯೋಕೆ ಹೇಳು," ಅಂದರು ಫೋನಿನಲ್ಲಿ ನನ್ನ ಗಂಡ. ಹೇಳಲು ಬಾಯಿ ತೆರೆದೆ. "ನೀನು ಹೇಳಿ ಮುಗಿಸೋಷ್ಟರಲ್ಲಿ ಸಂಜೆ ಆಗುತ್ತೆ" ಎಂದು ಅಪ್ಪ ಬಗ್ಗಿ, ಮಿಣುಕುತ್ತಿದ್ದ ಡಿಸ್ಕಿನ ವೈರನ್ನು ಸರಕ್ಕನೆ ಎಳೆದುಬಿಟ್ಟ. ಸದ್ದು ನಿಂತಿತು. ಮಗಳು ಬಾಯಿಂದ ಕೈ ತೆಗೆಯಲಿಲ್ಲ.

ಅಪ್ಪ ವೈರನ್ನು ವಾಪಸ್ ಸಿಕ್ಕಿಸಿದಾಗ ಕಾರ್ಯಕ್ರಮಗಳ ಸಾಲು ಬರಲಿಲ್ಲ. ಅದರ ಬದಲು ಪರದೆಯ ನಡುವೆ ಒಂದು ಚೌಕ ಬಂತು, ಇಂಗ್ಲಿಷಿನಲ್ಲಿ. ಅಪ್ಪನ ಕನ್ನಡಕ ಹಣೆಯ ಮೇಲಿತ್ತು. ಅದನ್ನು ಕೆಳಗಿಳಿಸುವ ತಾಳ್ಮೆ ಅವನಿಗೆಲ್ಲಿ? ನಾನು ಮನಸ್ಸಿನಲ್ಲೇ ಓದಿದೆ. ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳುತ್ತಿತ್ತು. 'ಫಾ' ಎಂಬಷ್ಟು ಫೋನಿಗೆ ಹೇಳಿದ್ದೇ ತಡ, ಅತ್ತ ನನ್ನ ಗಂಡ ಕೂಗಿಕೊಂಡರು.

"ಬೇಡ! ಎಲ್ಲ ಅಳಿಸಿಹೋಗುತ್ತೆ! ತಡಿ ಅನ್ನು, ಬೇಗ ತಡಿ ಅನ್ನು!"

ಬೇಕಾದರೆ ಆಣೆ ಮಾಡಿ ಹೇಳುತ್ತೇನೆ, ಆ ಕ್ಷಣದಲ್ಲಿ ನಾನು ಅವನನ್ನು ತಡೆಯಲೆಂದೇ ಬಾಯಿ ತೆರೆದೆ. ಹುಟ್ಟಿದಾಗಿನಿಂದ ಅಪ್ಪನ ಕೆಲಸ ಮಾಡಿಕೊಟ್ಟೇ ಅಭ್ಯಾಸ.

"ತ..." ಅಂದೆ.

ಅಪ್ಪನಿಗೆ ಅಷ್ಟು ಸಾಕಾಯಿತು. ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. "ತ!" ಎಂದು ಮೌಸ್ ಒತ್ತಿದ. ಇನ್ನೊಂದು ಚೌಕ ಬಂತು.

"ತ..." ನಾನು ಕೈ ಚಾಚಿದೆ.

"ತ!" ಮತ್ತೆ ಒತ್ತಿದ. ಮೂರನೆಯ ಚೌಕ ಬಂತು, ಹಳದಿ ಗುರುತಿನದು, ಎಲ್ಲವೂ ಅಳಿಸಿಹೋಗುತ್ತದೆ ಎಂದು ಕೊನೆಯದಾಗಿ ಎಚ್ಚರಿಸುವಂಥದ್ದು. ಅಪ್ಪ ಪರದೆ ನೋಡಲೇ ಇಲ್ಲ. ಅವನ ಕಣ್ಣು ಬಾಗಿಲಲ್ಲಿದ್ದ ನನ್ನ ಮಗಳ ಮೇಲಿತ್ತು. ಅವಳನ್ನು ನಗಿಸಬೇಕಿತ್ತು ಅವನಿಗೆ.

"ತಟ್ಟೆ!" ಎಂದು ಮೌಸನ್ನು ಕುಟ್ಟಿದ.

ಮಗಳು ನಗಲಿಲ್ಲ. ಅಪ್ಪ ಪರದೆಯ ಕಡೆ ತಿರುಗಿದ. ಬಿಳೀ ಖಾಲಿ. ಕನ್ನಡಕ ಇಳಿಸಿಕೊಂಡು ನೋಡಿದ. ಮೌಸನ್ನು ಅಲ್ಲಿ ಇಲ್ಲಿ ಆಡಿಸಿದ. ಎಲ್ಲೂ ಏನೂ ಇರಲಿಲ್ಲ.

"ಎಲ್ಲಿ ಹೋಯ್ತೇ? ನನ್ನದೆಲ್ಲ ಎಲ್ಲಿ?"

ಅವನ ಮುಖದಿಂದ ಅಷ್ಟೂ ವೇಷಗಳು ಇಳಿದುಹೋಗಿ, ಬರೀ ಒಬ್ಬ ಮುದುಕ ಉಳಿದಿದ್ದ. ನಡೆದದ್ದನ್ನು ಫೋನಿನಲ್ಲಿ ತಡವರಿಸಿ ಹೇಳಿದೆ. ನನ್ನ ಗಂಡ ಉಸಿರು ಬಿಟ್ಟರು. ಅವರು ಅಪ್ಪನನ್ನು ಎಷ್ಟೇ ದ್ವೇಷಿಸಲಿ, ಕೆಲಸದ ವಿಷಯದಲ್ಲಿ ಒಳ್ಳೆಯ ಮನುಷ್ಯ.

"ಗಾಬರಿ ಬೇಡ. ಈಗ ಹೋಗಿರೋದು ಹೆಸರುಗಳು ಮಾತ್ರ, ಸರಕು ಹಾಗೇ ಇದೆ. ಅದರ ಮೇಲೆ ಬೇರೆ ಏನೂ ತುಂಬದೇ ಇದ್ರೆ ಅಷ್ಟನ್ನೂ ವಾಪಸ್ ತೆಗೀಬಹುದು. ಬೇರೇದು ತುಂಬಿದ್ರೆ ಮಾತ್ರ ಮುಗೀತು. ಡಿಸ್ಕ್ ಬಿಚ್ಚಿ ನನ್ನ ಹತ್ರ ತಗೊಂಡು ಬಾ. ನಿಮ್ಮಪ್ಪಂಗೆ ಹೇಳು."

"ಏನಂತೆ?" ಅಪ್ಪ ನನ್ನ ಕೈ ಹಿಡಿದುಕೊಂಡ. "ಏನಂತೆ ಹೇಳೇ. ಬರುತ್ತಂತಾ? ಹೇಳು ಮಗಳೇ."

ಮಗಳೇ! ನನಗೆ ಹಾಗೊಂದು ಹೆಸರಿದೆ ಎಂದು ಅವನಿಗೆ ಅವತ್ತು ನೆನಪಾಯಿತು. ನಾನು ಬಾಗಿಲ ಕಡೆ ನೋಡಿದೆ. ನನ್ನ ಮಗಳ ಕೈ ಇನ್ನೂ ಬಾಯಿಯ ಮೇಲೇ ಇತ್ತು.

ಫೋನಿಗೆ "ಹೇ... ಹೇಳ್ತೀನಿ" ಎಂದು ಕಟ್ ಮಾಡಿದೆ.

"ಬ... ಬ... ಬ..." ಎಂದು ಶುರು ಮಾಡಿದೆ. ಅಪ್ಪ ನಗಲಿಲ್ಲ. ನನ್ನ ಮಾತನ್ನು ತಾನೇ ಮುಗಿಸಲೂ ಇಲ್ಲ. ಬಾಯಿ ಅರ್ಧ ತೆರೆದು, ಉಸಿರು ಬಿಗಿಹಿಡಿದು, ನನ್ನ ತುಟಿಗಳನ್ನೇ ನೋಡುತ್ತಾ ಕಾದ. ನನಗೂ ಅವಸರವಿರಲಿಲ್ಲ.

"ಬ... ಬರುತ್ತಂತೆ ಅಪ್ಪ. ಆದ್ರೆ ಡಿ... ಡಿಸ್ಕು ಖಾ... ಖಾಲಿ ಇರಬಾರದಂತೆ. ಕಂಪ್ಯೂಟರಲ್ಲಿರೋ ಸಿ... ಸಿನಿಮಾಗಳನ್ನೆಲ್ಲ ಅದಕ್ಕೆ ತು... ತುಂಬಬೇಕಂತೆ. ತುಂಬಿ ತು... ತುಳುಕಬೇಕಂತೆ. ಆಗ ಹ... ಹಳೇದೆಲ್ಲ ತಾನಾಗೇ ಮೇ... ಮೇಲೆ ಬರುತ್ತಂತೆ."

ಅಷ್ಟುದ್ದದ ಮಾತನ್ನು ನಾನು ಅಪ್ಪನ ಮುಂದೆ ಯಾವತ್ತೂ ಆಡಿರಲಿಲ್ಲ. ಅವನು ಅದನ್ನು ಕೊನೆಯ ಅಕ್ಷರದವರೆಗೂ ಕೇಳಿದ. ಕೇಳಿ ತಲೆಯಾಡಿಸಿದ. ಆಮೇಲೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ತಾನು ವರ್ಷಗಳಿಂದ ಕೂಡಿಟ್ಟಿದ್ದ ಸಿನಿಮಾಗಳನ್ನು ಒಂದೊಂದಾಗಿ ಎತ್ತಿ ಆ ಡಿಸ್ಕಿಗೆ ಹಾಕತೊಡಗಿದ. ಪರದೆಯ ಮೇಲೆ ಹಸಿರು ಪಟ್ಟಿ ನಿಧಾನವಾಗಿ ಉದ್ದವಾಗುತ್ತಿತ್ತು. ನನ್ನ ಫೋನು ರಿಂಗಾಗುತ್ತಿತ್ತು. ನಾನು ಎತ್ತಲಿಲ್ಲ. ಮಗಳನ್ನು ಹತ್ತಿರ ಕರೆದು, ಅಪ್ಪನ ಪಕ್ಕದಲ್ಲೇ ತೊಡೆಯ ಮೇಲೆ ಕೂರಿಸಿಕೊಂಡೆ.

"ಇಷ್ಟು ಸಾಕೇನೇ?" ಅಪ್ಪ ಮಧ್ಯೆ ತಿರುಗಿ ಕೇಳಿದ.

"ಇ... ಇ... ಇ..." ಅಂದೆ.

ಅಪ್ಪ ಕಾದ.

"ಇನ್ನೂ ಜಾಗ ಇದೆ. ಹಾಕು," ಅಂದೆ.