ಕೈ ಹೆಚ್ಚಿದ ದಿನ

ನಾಗಮಂಗಲದ ಪೇಟೆಬೀದಿಯಲ್ಲಿ ಅಕ್ಕಸಾಲಿ ಶ್ರೀನಿವಾಸಾಚಾರ್ರ ಅಂಗಡಿ ಎಂಟಡಿ ಅಗಲ, ಹತ್ತಡಿ ಉದ್ದ. ಅದರ ಒಂದೇ ಮೂಲೆಯಲ್ಲಿ, ಒಂದೇ ಮಣೆಯ ಮೇಲೆ ಅವರು ನಲವತ್ತಾರು ವರ್ಷ ಕೂತಿದ್ದರು. ಸೋಮವಾರ ಸಂಜೆ ಕಾಳಿಕಾಂಬೆಯ ಗುಡಿಯಲ್ಲಿ ಭಜನೆ ಮುಗಿದ ಮೇಲೆ ಹತ್ತು ನಿಮಿಷ ಮಾತಾಡುವುದೂ ಅವರ ಪಾಲಿಗೇ ಬಂದಿತ್ತು. ಬಂದದ್ದು ಹೋಗಲೇಬೇಕು, ಅಮಾವಾಸ್ಯೆ ಇಲ್ಲದೆ ಹುಣ್ಣಿಮೆಯಿಲ್ಲ, ಸಮಚಿತ್ತದವನಿಗೆ ಮಣ್ಣೂ ಒಂದೇ ಹೊನ್ನೂ ಒಂದೇ ಎಂದು ಅವರು ಹೇಳುತ್ತಿದ್ದರೆ, ಬಡಗಿ ರಂಗಸ್ವಾಮಿ ಹಿಂದಿನ ಸಾಲಿನಿಂದ, ಅಕ್ಕಸಾಲಿಗೇ ಎರಡೂ ಒಂದಾದರೆ ನಮ್ಮ ಮನೆ ಹೆಂಗಸರ ಗತಿಯೇನು ಎಂದು ಕೇಳುತ್ತಿದ್ದ. ಎಲ್ಲರ ಜೊತೆ ಆಚಾರ್ರೂ ನಗುತ್ತಿದ್ದರು.

ಹೋದ ದೀಪಾವಳಿಯಿಂದ ಆ ನಗು ಸ್ವಲ್ಪ ಇಳಿದಿತ್ತು. ಬಲಗೈ ನಡುಗಲು ಶುರುವಾಗಿತ್ತು. ವಯಸ್ಸಿನದು, ಗಾಬರಿ ಬೇಡ, ಆದರೆ ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದರು. ತೂಗುವುದಕ್ಕೆ, ಉಜ್ಜುವುದಕ್ಕೆ ತೊಂದರೆಯಿರಲಿಲ್ಲ. ಬೆಸುಗೆ ಮಾತ್ರ ಆಗುತ್ತಿರಲಿಲ್ಲ. ದೀಪದ ಉರಿಯನ್ನು ಊದುಗೊಳವೆಯಲ್ಲಿ ಊದುವಾಗ ಅದು ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ಒಡವೆ ಕರಗಿ ಉಂಡೆಯಾಗುತ್ತದೆ. ಆದ್ದರಿಂದ ಯಾರು ಬೆಸುಗೆಗೆ ಬಂದರೂ, ಅದಕ್ಕೆ ಹಾಕುವ ಬಿಳಿಗಾರ ಮುಗಿದಿದೆ, ಮುಂದಿನ ವಾರ ನೋಡೋಣ ಎಂದು ಕಳಿಸುತ್ತಿದ್ದರು. ಅವರ ಮಾತು ನಂಬಿದರೆ ನಾಲ್ಕು ತಿಂಗಳಿಂದ ನಾಗಮಂಗಲದಲ್ಲಿ ಬಿಳಿಗಾರವೇ ಇರಲಿಲ್ಲ.

ಸೊಸೆ ಮೇಘನಳಿಗೆ ನಿಜ ಗೊತ್ತಿತ್ತು. ಬಿಳಿಗಾರದ ಡಬ್ಬ ತುಂಬಿಸುವವಳೇ ಅವಳು. ಹೊಸಪೇಟೆಯಿಂದ ಮದುವೆಯಾಗಿ ಬಂದು ಮೂರು ವರ್ಷವಾಗಿತ್ತು. ಗಂಡ ಹೇಮಂತ್‌ಗೆ ವಿದ್ಯುತ್ ಕಚೇರಿಯ ಕೆಲಸ. ಅಂಗಡಿಗೆ ಬಿಲ್ಲು ಬರೆಯಲು ಬಂದವಳು ಮಾವ ಮಾಡುವುದನ್ನು ನೋಡಿ ನೋಡಿ ತಾಮ್ರದ ತಂತಿಯ ಮೇಲೆ ಬೆಸುಗೆ ಕಲಿತಳು, ಆಮೇಲೆ ಬೆಳ್ಳಿಯ ಕಾಲುಚೈನಿಗೆ ಬಂದಳು. ಚಿನ್ನಕ್ಕೆ ಮಾವ ಬಿಟ್ಟಿರಲಿಲ್ಲ. ತಾಳಿಯ ಮಾತಂತೂ ದೂರ.

ಆ ಶುಕ್ರವಾರ ಅಂಗಡಿ ತೆರೆದಾಗ ಆರ್ಡರ್ ಪುಸ್ತಕದಲ್ಲಿ ಮೇಘನಳ ಅಕ್ಷರದಲ್ಲಿ ಹೀಗಿತ್ತು: 'ನಿಂಗಮ್ಮ, ಹೊಣಕೆರೆ. ಫೋನ್ ಮಾಡಿದ್ದರು. ತಾಳಿ ಹೆಚ್ಚಾಗಿದೆಯಂತೆ. ವಾಪಸ್ ಕೊಡಲು ಬರುತ್ತಾರೆ.'

ಆಚಾರ್ರು ಎರಡು ಸಲ ಓದಿದರು.

"ಅವರು ಏನಂದ್ರಮ್ಮ, ಅವರ ಮಾತಲ್ಲೇ ಹೇಳು."

"ತಾಳಿ ಹೆಚ್ಬುಡ್ತು ಕಣವ್ವ, ಬತ್ತಾ ಇವ್ನಿ ಅಂದ್ರು, ಮಾವ."

ಅವರಿಗೆ ನಗು ತಡೆಯಲಾಗಲಿಲ್ಲ. ಈ ಸೀಮೆಯಲ್ಲಿ ತಾಳಿ ಮುರಿಯಿತು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೆಚ್ಚಿತು ಅನ್ನುತ್ತಾರೆ ಎಂದು ಸೊಸೆಗೆ ವಿವರಿಸಿದರು. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಅಕ್ಕಿ ಮುಗಿಯುವುದಿಲ್ಲ, ಅದೂ ಹೆಚ್ಚುತ್ತದೆ. ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಹೇಳಿ ಮುಗಿಸುವಷ್ಟರಲ್ಲಿ ಅವರ ನಗು ನಿಂತಿತು. ಮುರಿದ ತಾಳಿಯೆಂದರೆ ಬೆಸುಗೆ. ಮುಂದಿನ ವಾರ ಬನ್ನಿ ಅನ್ನುವಂತೆಯೂ ಇಲ್ಲ. ತಾಳಿ ಮತ್ತೆ ಕೊರಳಿಗೆ ಬರುವ ತನಕ ನಿಂಗಮ್ಮ ತುತ್ತು ಮುಟ್ಟುವವರಲ್ಲ.

ಹತ್ತು ಗಂಟೆಗೆ ನಿಂಗಮ್ಮ ಬಂದರು. ಕೊರಳಲ್ಲಿ ಅರಿಶಿನದ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬು, ಸೆರಗಿನ ಗಂಟಿನಲ್ಲಿ ತಾಳಿ. ಹಾಲು ಕರೆಯುವಾಗ ಕರು ಸರಕ್ಕೆ ಕಾಲು ಹಾಕಿ ಎಳೆದು, ತಾಳಿಯ ಕೊಂಡಿ ಕಿತ್ತುಬಂದಿತ್ತು. ಅರವತ್ತರ ಹೆಂಗಸು, ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡರು.

"ನಮ್ಮ ಯಜಮಾನ್ರು ಆಗ್ಲೇ ಮುದ್ದೆ ಉಂಡು ಗದ್ದೆಗೋದ್ರು. ಕಟ್ಟಿದ್ದು ಅವ್ರು, ಉಪ್ವಾಸ ನಂದು. ಜಟ್ನೆ ಮಾಡ್ಕೊಡಿ ಆಚಾರ್ರೆ."

ಆಚಾರ್ರ ಬಾಯಿ ಅಭ್ಯಾಸಬಲದಿಂದ ಬಿಳಿಗಾರ ಎಂದು ಶುರುಮಾಡಿತು. ನಿಂಗಮ್ಮನ ಕಣ್ಣು ಅವರ ಮಂಡಿಯ ಪಕ್ಕದಲ್ಲಿದ್ದ ತುಂಬಿದ ಡಬ್ಬದ ಮೇಲೆ ನಿಂತಿತು.

ತಾಳಿಯನ್ನು ಇದ್ದಿಲಿನ ಮೇಲಿಟ್ಟು, ಕೊಂಡಿ ಜೋಡಿಸಿ, ದೀಪ ಹಚ್ಚಿ ಊದುಗೊಳವೆ ಕಚ್ಚಿದರು. ಉರಿಯ ನೆರಳು ಗೋಡೆಯ ಮೇಲೆ ಗಾಳಿಗೆ ಸಿಕ್ಕ ರಾಗಿ ತೆನೆಯಂತೆ ಆಡಿತು. ನಲವತ್ತು ವರ್ಷದ ಹಿಂದೆ ತಾವೇ ಮಾಡಿಕೊಟ್ಟ ತಾಳಿ ಅದು. ಇನ್ನೊಂದು ಉಸಿರು ಊದಿದರೆ ಏನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಂದದ್ದು ಹೋಗಲೇಬೇಕು ಎಂದು ಎಷ್ಟು ಸೋಮವಾರ ಹೇಳಿದ್ದರು. ರಂಗಸ್ವಾಮಿಯ ಕಣ್ಣಿಗೆ ಪೊರೆ ಬಂದಾಗ ಅವನ ಹೆಗಲು ತಟ್ಟಿಯೂ ಹೇಳಿದ್ದರು. ಆ ಹೋಗುವ ವಸ್ತುಗಳ ಪಟ್ಟಿಯಲ್ಲಿ ತಮ್ಮ ಬಲಗೈಯನ್ನು ಮಾತ್ರ ಸೇರಿಸಿರಲಿಲ್ಲ.

ಊದುಗೊಳವೆ ಕೆಳಗಿಟ್ಟರು.

"ಮೇಘನ, ನೀನು ಬಾರಮ್ಮ ಇಲ್ಲಿ. ನನ್ನ ಕೈ ನಡುಗ್ತದೆ."

ಮನೆಯವರ ಮುಂದೆಯೂ ಆಡದ ಮಾತನ್ನು ಗಿರಾಕಿಯ ಮುಂದೆ ಆಡಿದ್ದರು. ತಾಳಿಯನ್ನು ಎತ್ತಿಕೊಂಡು ಬೇರೆ ಅಂಗಡಿಗೆ ಹೋಗುತ್ತಾರೇನೋ ಎಂದು ನಿಂಗಮ್ಮನ ಮುಖ ನೋಡಿದರು. ನಿಂಗಮ್ಮ ಒಮ್ಮೆ ಮಾವನನ್ನು, ಒಮ್ಮೆ ಸೊಸೆಯನ್ನು ನೋಡಿದರು.

"ಕೈ ಹೆಚ್ಬುಡ್ತು ಅನ್ನಿ ಆಚಾರ್ರೆ. ಎರಡಿದ್ದದ್ದು ನಾಕಾಯ್ತಲ್ಲ. ಕೂತ್ಕಳವ್ವ, ನನ್ನೊಟ್ಟೆ ತಾಳ ಹಾಕ್ತಾ ಅದೆ."

ಆಚಾರ್ರು ಗೋಡೆ ಹಿಡಿದು ಎದ್ದರು. ಮೇಘನ ಮಣೆ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತಳು. ಉಸಿರನ್ನು ಕೆನ್ನೆಯಲ್ಲಿ ಹಿಡಿದಿಟ್ಟುಕೋ, ಮೂಗಿನಲ್ಲಿ ಎಳೆದುಕೋ ಎಂದು ಅವರು ಹೇಳುವ ಮೊದಲೇ ಅವಳು ಹಾಗೆ ಮಾಡಿದ್ದಳು. ಉರಿ ಸೂಜಿಯ ಹಾಗೆ ನೆಟ್ಟಗೆ ನಿಂತಿತು. ಬೆಸುಗೆ ಮಿಂಚಿ ಹರಿದು ಕೊಂಡಿಯನ್ನು ಹಿಡಿಯಿತು. ನೀರಿನಲ್ಲಿ ಅದ್ದಿ ಕೊಟ್ಟದ್ದನ್ನು ಆಚಾರ್ರು ಭೂತಗನ್ನಡಿಯಲ್ಲಿ ನೋಡಿದರು.

"ಹೆಚ್ಚಾಗಿದೆ."

ಮೇಘನಳ ಮುಖ ಬಿಳಿಚಿತು. "ಮುರೀತಾ, ಮಾವ?"

"ಇಲ್ಲ ಕಣಮ್ಮ. ಬೆಸುಗೆ ಒಂಚೂರು ಜಾಸ್ತಿ ಆಗಿದೆ, ಅಷ್ಟೆ. ಅರದಲ್ಲಿ ಉಜ್ಜು."

ನಿಂಗಮ್ಮ ನಕ್ಕ ನಗುವಿಗೆ ಪಕ್ಕದ ಬಟ್ಟೆ ಅಂಗಡಿಯವರು ಇಣುಕಿ ನೋಡಿದರು.

ಮೇಘನ ಉಜ್ಜಿ ಕೊಟ್ಟ ತಾಳಿ ಪೋಣಿಸಿಕೊಂಡು, ಗೋಡೆಯ ಮೇಲಿನ ಕಾಳಿಕಾಂಬೆಯ ಪಟಕ್ಕೆ ಕೈಮುಗಿದು, ನಿಂಗಮ್ಮ ಹತ್ತಿರದ ಹೋಟೆಲು ಯಾವುದೆಂದು ಕೇಳಿದರು. ದಾರಿ ತೋರಿಸಿದ ಆಚಾರ್ರು ಮತ್ತೆ ಸೊಸೆಯ ಹೆಗಲ ಹಿಂದೆ ನಿಂತು ಅವಳು ಕೈಗೆತ್ತಿಕೊಂಡ ಕಾಲುಚೈನಿನ ಮೇಲೆ ಕಣ್ಣಿಟ್ಟಾಗ, ನೀವೂ ಬನ್ನಿ, ಇಲ್ಲೇ ಇದ್ದರೆ ಆ ಹುಡುಗಿಯ ತಲೆ ತಿನ್ನುತ್ತೀರಿ ಎಂದು ನಿಂಗಮ್ಮ ಗದರಿ ಹೊರಡಿಸಿದರು.

ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿ ಬಿಟ್ಟು ಹೊರಗೆ ಕೂತು ತಿಂಡಿ ತಿಂದದ್ದು ಅವರಿಗೆ ನೆನಪೇ ಇರಲಿಲ್ಲ. ಇಡ್ಲಿ ಬಿಸಿಯಾಗಿತ್ತು. ಅರ್ಧ ತಿನ್ನುವಷ್ಟರಲ್ಲಿ ಕಿರಂಗೂರಿನ ಗಿರಾಕಿಯೊಬ್ಬರು ಅಂಗಡಿಯಿಂದಲೇ ಹುಡುಕಿಕೊಂಡು ಬಂದು, ಓಲೆಯ ಬೆಸುಗೆ ಬಿಟ್ಟಿದೆ, ಯಾವಾಗ ಬರಲಿ ಎಂದರು.

"ಅಂಗಡೀಲಿ ನಮ್ಮ ಸೊಸೆ ಅವ್ರೆ, ಈಗ್ಲೇ ಹೋಗಿ" ಎಂದು ಹೇಳಿ, ಆಚಾರ್ರು ಇನ್ನೊಂದು ಕಾಫಿಗೆ ಕೈಯೆತ್ತಿದರು.