ಕಾಮಾಕ್ಷಿಯ ಫಾಲ್ಸಾ ಶರಬತ್ತು

ಸೂರತ್ತಿನ ಬೇಸಿಗೆಯಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ಶರಬತ್ತು. ಅಲ್ಲಿನ ಅಡಾಜಣ್ ಬಡಾವಣೆಯ ಕನ್ನಡದ ಮನೆಗಳಲ್ಲಿ ಶರಬತ್ತೆಂದರೆ ಜಯಾ ಅವರದ್ದೇ ಹೆಸರು. ಆ ಹೆಸರು ಕೇಳಿದಾಗಲೆಲ್ಲ ಕಾಮಾಕ್ಷಿಗೆ ಹೊಟ್ಟೆಕಿಚ್ಚು.

ಕಾಮಾಕ್ಷಿ ಮೈಸೂರಿನವಳು. ಗಂಡ ಹರಿಪ್ರಸಾದನಿಗೆ ಬ್ಯಾಂಕಿನ ಕೆಲಸದಲ್ಲಿ ವರ್ಗವಾಗಿ ಇಲ್ಲಿಗೆ ಬಂದವಳು. ಜಯಾ ಧಾರವಾಡದವರು, ಎದುರಿನ ಫ್ಲ್ಯಾಟಿನಲ್ಲಿರುವವರು. ಒಂದು ದಿನ ಹರಿಪ್ರಸಾದ ಅವರ ಮನೆಯಲ್ಲಿ ಎರಡು ಲೋಟ ಶರಬತ್ತು ಕುಡಿದು ಬಂದ.

"ಮಾಡಿ ಎಷ್ಟೋ ತಿಂಗಳಾಯ್ತಂತೆ ಕಣೇ, ಒಂಚೂರೂ ಕೆಟ್ಟಿಲ್ಲ. ನಿಂದು ವಾರಕ್ಕೇ ಹುಳಿ ಬರುತ್ತೆ. ಒಂದ್ಸಲ ಅವರನ್ನ ಕೇಳಬಾರದಾ?"

"ಅವರನ್ನ ಕೇಳೋಕೆ ನನಗೇನು ಗತಿಗೇಡಾ? ಅವರು ಏನೋ ಕೆಮಿಕಲ್ ಹಾಕ್ತಾರೆ. ನಂದು ಶುದ್ಧ," ಎಂದಳು ಕಾಮಾಕ್ಷಿ.

ಅಷ್ಟರಲ್ಲಿ ಮೇಲಿನ ಮನೆಯ ವಿಂಧ್ಯಾಳ ಸೀಮಂತ ಹತ್ತಿರ ಬಂತು. ಈ ಸಲ ಎಲ್ಲರ ಬಾಯಲ್ಲೂ ತನ್ನ ಹೆಸರೇ ಬರಬೇಕೆಂದು ಕಾಮಾಕ್ಷಿ ಹಟ ತೊಟ್ಟಳು. ಮಾರುಕಟ್ಟೆಯಿಂದ ಬುಟ್ಟಿ ತುಂಬ ಫಾಲ್ಸಾ ತಂದಳು. ಕಡುಗೆಂಪು ಬಣ್ಣದ, ಹುಳಿಸಿಹಿಯ ಪುಟ್ಟ ಹಣ್ಣು. ಹಣ್ಣಿನ ರುಚಿ ಮುಂದಾಗಲೆಂದು ಸಕ್ಕರೆಯನ್ನು ಅರ್ಧಕ್ಕೆ ಇಳಿಸಿದಳು. ಬಾಟಲಿಗಳನ್ನು ನಲ್ಲಿಯಡಿ ತೊಳೆದು ಒದ್ದೆ ಇರುವಾಗಲೇ ರಸ ತುಂಬಿದಳು. ರುಚಿ ನೋಡಿದ ಚಮಚವನ್ನೇ ಮತ್ತೆ ಅದ್ದಿದಳು. ಫ್ರಿಜ್‌ನಲ್ಲಿ ಜಾಗವಿಲ್ಲದೆ ಬಾಟಲಿಗಳು ನಾಲ್ಕು ದಿನ ಒಲೆಯ ಪಕ್ಕದ ಕಟ್ಟೆಯ ಮೇಲೆಯೇ ಉಳಿದವು.

ಸೀಮಂತದ ದಿನ ಬಾಟಲಿಯ ಕುತ್ತಿಗೆಯ ಸುತ್ತ ಸಣ್ಣ ಗುಳ್ಳೆಗಳೆದ್ದಿದ್ದವು. ಕಾಮಾಕ್ಷಿ ಕಂಡೂ ಕಾಣದಂತೆ, ಮೊದಲ ಲೋಟವನ್ನು ವಿಂಧ್ಯಾಳ ಕೈಗೇ ಕೊಟ್ಟಳು. ಅವಳು ಬಾಯಿಗೆ ಎತ್ತುವಷ್ಟರಲ್ಲಿ ಜಯಾ ಲೋಟ ತೆಗೆದುಕೊಂಡು ಮೂಸಿ ನೋಡಿದರು.

"ಇದು ಬ್ಯಾಡವ್ವಾ ವಿಂಧ್ಯಾ. ಹುದುಗು ಬಂದದ."

ಕಾಮಾಕ್ಷಿಯ ಮುಖ ಕೆಂಪೇರಿತು. "ನಿಮ್ಮದನ್ನೇ ಎಲ್ಲರೂ ಹೊಗಳಬೇಕು, ಅಲ್ವಾ? ನಂದು ಯಾರ ಬಾಯಿಗೂ ಹೋಗಬಾರದು."

ಜಯಾ ಲೋಟವನ್ನು ಪಕ್ಕಕ್ಕಿಟ್ಟರು. ಯಾರೂ ಆ ಶರಬತ್ತು ಮುಟ್ಟಲಿಲ್ಲ. ಕಾಮಾಕ್ಷಿ ಬಾಟಲಿಗಳನ್ನು ಎತ್ತಿಕೊಂಡು ಆರತಿಗೂ ನಿಲ್ಲದೆ ಮನೆಗೆ ಬಂದುಬಿಟ್ಟಳು.

"ನೀವೇ ಕುಡಿದು ಹೇಳಿ," ಎಂದು ಗಂಡನ ಎದುರು ಇನ್ನೊಂದು ಬಾಟಲಿಯ ಮುಚ್ಚಳ ತಿರುಗಿಸಿದಳು. ಮುಚ್ಚಳ ಚಾವಣಿಗೆ ಹಾರಿತು. ಕೆಂಪು ನೊರೆ ಗೋಡೆಗೆಲ್ಲ ಚಿಮ್ಮಿ, ಹೆಂಡದ ವಾಸನೆ ಮನೆ ತುಂಬಿತು. ಒಳಗೆ ರಸದ ಮೇಲೆ ಬಿಳಿಯ ಪೊರೆ ಕಟ್ಟಿತ್ತು.

"ಇದನ್ನಾ ಆ ಹುಡುಗಿಗೆ ಕೊಟ್ಟಿದ್ದು?" ಎಂದ ಹರಿಪ್ರಸಾದ ಮೆಲ್ಲಗೆ.

ಕಾಮಾಕ್ಷಿ ಬಟ್ಟೆ ತಂದು ಗೋಡೆ ಒರೆಸಿದಳು. ಸಂಜೆ ಹೋಗಿ ಜಯಾ ಅವರ ಮನೆಯ ಗಂಟೆ ಒತ್ತಿದಳು.

"ನಿಮ್ಮನ್ನ ಹೊಗಳಿದ್ರೆ ನನಗೆ ತಡೆಯೋಕಾಗ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ."

"ನನಗೂ ನಿಮ್ಮ ಮ್ಯಾಲೆ ಸಿಟ್ಟು ಬಂದಿತ್ತರೀ. ಇರಲಿ, ಒಳಗ ಬರ್ರಿ," ಎಂದರು ಜಯಾ.

ಅಡುಗೆಮನೆಯಲ್ಲಿ ಸಾಲಾಗಿ ನಿಂತ ಬಾಟಲಿಗಳನ್ನು ಕಂಡು ಕಾಮಾಕ್ಷಿಗೆ ಮತ್ತೆ ಚುರುಕ್ಕೆಂದಿತು. ಆದರೂ ಕಿವಿಗೊಟ್ಟು ಕೇಳಿದಳು.

"ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹಣ್ಣಿನ ಮ್ಯಾಲೆ, ಕೈಯಾಗ, ಬಾಟ್ಲಿಯಾಗ ಇದ್ದ ಇರ್ತಾವ. ಒದ್ದಿ ಬಾಟ್ಲಿ, ಕಡಿಮಿ ಸಕ್ಕರಿ, ಈ ಸೆಕಿ ಸಿಕ್ರ ಅವಕ್ಕ ಹಬ್ಬ. ಬಾಟ್ಲಿ, ಮುಚ್ಚಳ ಕುದಿಸಿ ಪೂರ್ತಿ ಒಣಗಸ್ರಿ. ನಾ ಲೀಟರ್ ರಸಕ್ಕ ಎರಡು ಕಿಲೋ ಸಕ್ಕರಿ ಹಾಕ್ತೇನಿ, ಕುಡಿಯುವಾಗ ನೀರು ಬೆರಸ್ತೇನಿ. ಸಕ್ಕರಿ ಬರೀ ರುಚಿಗಲ್ರಿ, ಅದ ಕಾವಲು."

"ಮತ್ತೆ ಆ ಕೆಮಿಕಲ್?"

"ಫಾಲ್ಸಾದಂಥ ಬಣ್ಣದ ಹಣ್ಣಿಗೆ ಚೂರು ಸೋಡಿಯಂ ಬೆಂಜೋಯೇಟ್, ಬಣ್ಣ ಹೋಗದಂಗ ರಸ ಕಾಯೋ ಪುಡಿ. ಆಹಾರಕ್ಕ ಬಳಸೋದ ಆಗಿರಬೇಕು, ಪ್ಯಾಕೆಟ್ ಮ್ಯಾಲೆ ಬರದಷ್ಟ ತೂಗಿ ಹಾಕಬೇಕು. ಕೈಯಳತಿ ಬ್ಯಾಡ. ಬಾಟ್ಲಿ ತೆಗದ ಮ್ಯಾಲೆ ಫ್ರಿಜ್‌ನಾಗ ಇಡ್ರಿ."

"ಹುದುಗು ಬಂದಿದ್ದನ್ನ ಕುದಿಸಿಬಿಟ್ರೆ?"

"ಚೆಲ್ಲಿಬಿಡ್ರಿ. ಕುದಿಸಿದ್ರೂ ಕೆಟ್ಟದ್ದು ಕೆಟ್ಟದ್ದ."

ಮುಂದಿನ ಸಲ ಕಾಮಾಕ್ಷಿ ಮಾಡಿದ ಶರಬತ್ತು ಕೆಡಲಿಲ್ಲ. "ಥೇಟ್ ಜಯಾ ಅವರದ್ದೇ," ಎಂದ ಹರಿಪ್ರಸಾದ. ಅವಳಿಗೆ ಒಳಗೊಳಗೇ ಉರಿಯಿತು. ಆದರೂ ನಕ್ಕು, ಒಂದು ಬಾಟಲಿ ಹಿಡಿದು ಎದುರು ಮನೆಗೆ ನಡೆದಳು.

ಅಕ್ಕತಂಗಿಯರೇ, ನಿಮ್ಮ ಮನೆಯ ಬಾಟಲಿಗಳನ್ನು ಇವತ್ತೇ ಒಮ್ಮೆ ನೋಡಿ. ಗುಳ್ಳೆ, ಪೊರೆ, ಬೂಷ್ಟು, ಹುಳಿ ವಾಸನೆ ಕಂಡರೆ ರುಚಿ ನೋಡಲೂ ಹೋಗಬೇಡಿ, ಚೆಲ್ಲಿಬಿಡಿ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ಕೇಳಿ, ಅವರನ್ನು ಕಂಡರೆ ನಿಮಗೆ ಆಗದಿದ್ದರೂ ಸರಿ. ನಮ್ಮ ಹೊಟ್ಟೆಕಿಚ್ಚಿಗೆ ಇನ್ನೊಬ್ಬರ ಹೊಟ್ಟೆ ಕೆಡಬಾರದು.