ಅತ್ತೆಯ ಅಳತೆಯ ಅಕ್ಷರ

"ಇದೇನು ಮೇಡಂ, ಅಂಗಡಿ ಬೋರ್ಡು ಬರೀತಿದ್ದೀರಾ?" ಎನ್ನುತ್ತ ಪಕ್ಕದ ಮೇಜಿನವನು ಕುರ್ಚಿಸಮೇತ ಉರುಳಿಕೊಂಡು ಬಂದು ಅವಳ ಪರದೆಯೊಳಗೆ ಇಣುಕಿದ.

ಅವಳು ನಿನ್ನೆ ಸಂಜೆ ಅಚ್ಚುಕಟ್ಟಾಗಿ ಮುಚ್ಚಿಟ್ಟು ಹೋಗಿದ್ದ, ಪ್ರೋಗ್ರಾಮು ಬರೆಯುವ ಎಡಿಟರನ್ನು ಬೆಳಿಗ್ಗೆ ಕಂಪ್ಯೂಟರಿನಲ್ಲಿ ತೆರೆದರೆ ಬೇರೆ ಯಾರದೋ ಮನೆಗೆ ಕಾಲಿಟ್ಟಂತಿತ್ತು. ಕಣ್ಣಿಗೆ ಹಿತವಾಗಿದ್ದ ಕಪ್ಪು ಹಿನ್ನೆಲೆ ಹೋಗಿ ಸುಣ್ಣ ಬಳಿದಂಥ ಬಿಳುಪು ಬಂದಿತ್ತು. ಅಕ್ಷರಗಳು ಒಂದೊಂದೂ ಹೆಬ್ಬೆರಳಿನಷ್ಟಾಗಿ ಪರದೆಯಲ್ಲಿ ಹತ್ತು ಸಾಲು ಹಿಡಿಸುವುದೂ ಕಷ್ಟವಾಗಿತ್ತು. ಅದೂ ಹೋಗಲಿ ಎಂದರೆ, ಎರಡಕ್ಷರ ಟೈಪ್ ಮಾಡುವಷ್ಟರಲ್ಲಿ ಕೆಳಗೊಂದು ಪುಟ್ಟ ಚೌಕ ತೆರೆದು 'ನಿಮಗೆ ಬೇಕಾದ ಪದ ಇದೇ ತಾನೆ?' ಎಂಬಂತೆ ಉಳಿದದ್ದನ್ನು ತಾನೇ ತಂದು ತೋರಿಸುತ್ತಿದ್ದ ಎಡಿಟರು ಈಗ ತುಟಿ ಪಿಟಕ್ಕೆನ್ನದೆ ಕೂತಿತ್ತು. ಈ ವಾರದಲ್ಲಿ ಇದು ಮೊದಲ ಸಲವೇನಲ್ಲ. ಅವಳು ಎಲ್ಲವನ್ನೂ ಮೊದಲಿನಂತೆ ಮಾಡುವುದು, ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಅದು ಮತ್ತೆ ತನ್ನ ಹಟ ಹಿಡಿಯುವುದು, ಹೀಗೇ ನಡೆದಿತ್ತು.

ಬೇರೆ ವಾರವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದಳೋ ಏನೋ. ಹಲ್ಲಿನ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಸಮಯ ಗೊತ್ತುಮಾಡುವ ಪ್ರೋಗ್ರಾಮು ಬರೆಯುವ ಈ ಸಣ್ಣ ಕಂಪನಿಯಲ್ಲಿ ಅವಳದ್ದು ಇನ್ನೂ ಪರೀಕ್ಷಾವಧಿ. ಕೆಲಸವಿಲ್ಲದೆ ಎರಡು ವರ್ಷ ಅರ್ಜಿ ಹಾಕಿ ಹಾಕಿ ಬೇಸತ್ತ ಮೇಲೆ ಸಿಕ್ಕಿದ ಜಾಗ ಅದು. ಶುಕ್ರವಾರ ಅವಳ 'ಗೋಡೆ ಪರೀಕ್ಷೆ'. ಹೊಸಬರು ಖಾಯಂ ಆಗಬೇಕಾದರೆ ಎಲ್ಲರ ಮುಂದೆ, ತಮ್ಮ ಪರದೆಯನ್ನು ಗೋಡೆಯ ಮೇಲೆ ಬಿಟ್ಟುಕೊಂಡು, ಪ್ರೋಗ್ರಾಮಿನ ಒಂದು ತೊಡಕನ್ನು ಅಲ್ಲೇ ಬಿಡಿಸಿ ತೋರಿಸಬೇಕು. ಅದು ಆ ಆಫೀಸಿನ ಪದ್ಧತಿ. ಸ್ವಂತ ಎಡಿಟರನ್ನೇ ಹತೋಟಿಯಲ್ಲಿಟ್ಟುಕೊಳ್ಳಲಾಗದವಳು ಎಂದು ಹೆಸರು ಬಂದರೆ ಮುಗಿಯಿತು, ಮತ್ತೆ ಅರ್ಜಿಗಳ ಸಹವಾಸ.

ಅನುಮಾನವೆಲ್ಲ ಪಕ್ಕದ ಮೇಜಿನವನ ಮೇಲೇ ಇತ್ತು. ಅವನನ್ನು ಆಫೀಸಿನಲ್ಲಿ ಎಲ್ಲರೂ ಕರೆಯುವುದೇ 'ತರಲೆ' ಎಂದು. ಯಾರದೋ ಮೌಸಿನ ಹೊಟ್ಟೆಗೆ ಕಾಗದ ಅಂಟಿಸಿ ಅವರನ್ನು ಅರ್ಧ ದಿನ ಕುಣಿಸಿದ ಖ್ಯಾತಿ ಅವನದು.

"ನೋಡಿ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ. ಶುಕ್ರವಾರದ ತನಕ ಬಿಟ್ಬಿಡಿ, ಆಮೇಲೆ ಏನ್ ಬೇಕಾದ್ರೂ ಮಾಡ್ಕೊಳ್ಳಿ" ಎಂದಳು ಅವಳು. ತಮಾಷೆಯಾಗಿ ಹೇಳಬೇಕೆಂದುಕೊಂಡಿದ್ದಳು, ಬೇಡಿಕೊಂಡಂತಾಗಿಬಿಟ್ಟಿತು.

ತರಲೆಯ ಮುಖ ಪೆಚ್ಚಾಯಿತು. "ದೇವರಾಣೆ ನಾನಲ್ಲ ಮೇಡಂ. ನಾನು ಮಾಡಿದ್ರೆ ಅಕ್ಷರ ದೊಡ್ಡದು ಮಾಡ್ತಿದ್ನಾ? ಬಿಳಿ ಮೇಲೆ ಬಿಳಿ ಅಕ್ಷರ ಇಡ್ತಿದ್ದೆ. ನನಗೂ ಒಂದು ಮಟ್ಟ ಅಂತ ಇದೆ." ನೊಂದುಕೊಂಡೇ ಅವಳ ಮೌಸ್ ಎಳೆದುಕೊಂಡು ಅಲ್ಲಿ ಇಲ್ಲಿ ಒತ್ತಿ ನೋಡಿದ. "ಇಲ್ನೋಡಿ. ನಿಮ್ಮ ಖಾತೆಯಲ್ಲಿ ಇನ್ನೊಂದು ಯಂತ್ರ ಇದೆ. ಸಿಂಕ್ ಆನ್ ಆಗಿದೆಯಲ್ಲ, ಅಲ್ಲಿ ಸೆಟ್ಟಿಂಗ್ ಬದಲಾಯಿಸಿದ್ರೆ ಇಲ್ಲಿಗೂ ಬರತ್ತೆ. ಇಲ್ಲಿ ಬದಲಾಯಿಸಿದ್ದು ಅಲ್ಲಿಗೂ ಹೋಗತ್ತೆ."

"ಇನ್ನೊಂದು ಅಂದ್ರೆ ಮನೆಯಲ್ಲಿರೋ ಹಳೇ ಲ್ಯಾಪ್‌ಟಾಪು. ಅದು ಬೀರುವಿನಲ್ಲಿ ಸೀರೆಗಳ ಕೆಳಗೆ ಬಿದ್ದಿದೆ. ಅದನ್ನ ಯಾರು ಮುಟ್ತಾರೆ?"

"ನಿಮ್ಮ ಯಜಮಾನ್ರು?"

"ಅವರು ರಿಮೋಟ್ ಕೈಯಲ್ಲಿ ಹಿಡಿದ್ರೇನೇ ನಿದ್ದೆ ಹೋಗ್ತಾರೆ."

"ಹಾಗಾದ್ರೆ ಭೂತ" ಎಂದು ತೀರ್ಪು ಕೊಟ್ಟು, "ಸಿಂಕ್ ಆಫ್ ಮಾಡ್ಬಿಡಿ, ಪೀಡೆ ಹೋಗತ್ತೆ" ಎಂದ. ಮಾಡುತ್ತೇನೆ ಎಂದಳು. ಆದರೆ ಭೂತ ಯಾರೆಂದು ತಿಳಿಯದೆ ಬಾಗಿಲು ಹಾಕಲು ಮನಸ್ಸಾಗಲಿಲ್ಲ.

ಮನೆಯಲ್ಲಿದ್ದವರು ಮೂರೇ ಜನ. ಅವಳು, ಗಂಡ, ಅತ್ತೆ. ಅತ್ತೆ ಬಸ್ ಕಂಡಕ್ಟರ್ ಆಗಿ ನಿವೃತ್ತಿಯಾದವರು. ಕೆಲಸ ಬಿಟ್ಟರೂ ಗಂಟಲು ಬಿಟ್ಟಿರಲಿಲ್ಲ. ಅವರ ಸೀಟಿ ಇನ್ನೂ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ತುಂಬಿದ ಬಸ್ಸಿನಲ್ಲಿ ಕಂಬ ಹಿಡಿಯದೆ ನಿಂತವಳು ನಾನು ಎನ್ನುವುದು ಅವರ ಹೆಮ್ಮೆ. ಯಾರ ಹತ್ತಿರವೂ 'ಇದೊಂದು ಮಾಡಿಕೊಡು' ಎಂದು ಬಾಯಿಬಿಟ್ಟು ಕೇಳಿದವರಲ್ಲ. ಸೊಸೆಯ ಕೆಲಸದ ಬಗ್ಗೆ ಅವರ ಅಭಿಪ್ರಾಯವೂ ಮೊದಲ ದಿನವೇ ಹೊರಬಿದ್ದಿತ್ತು. "ಕೂತಲ್ಲೇ ಕೂತು ಬೆರಳಾಡಿಸೋದು ಒಂದು ಕೆಲಸಾನಾ? ಅದಕ್ಕೆ ಸುಸ್ತು ಬೇರೆ!"

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಕೆಳಮನೆಯ ಡ್ರೈವರನ್ನು ಬಯ್ಯುತ್ತಿದ್ದರು. ಆತ ಒಂದು ಕಾಲಕ್ಕೆ ಅವರ ಬಸ್ಸನ್ನೇ ಓಡಿಸುತ್ತಿದ್ದವನು. ಈಗ ಇಬ್ಬರಿಗೂ ಮಧ್ಯಾಹ್ನದ ಹೊತ್ತು ಹಾವು ಏಣಿ ಆಟ, ಸಂಜೆಯ ಹೊತ್ತು ಅದರ ಜಗಳ.

"ಆ ಮನುಷ್ಯ ದಾಳ ಉರುಳಿಸೋದೇ ಇಲ್ಲ, ಮೆತ್ತಗೆ ಮಲಗಿಸ್ತಾನೆ. ಆರು ಬೇಕು ಅಂದ್ರೆ ಆರು, ಎರಡು ಬೇಕು ಅಂದ್ರೆ ಎರಡು. ನಾನೂ ನೋಡ್ತಾನೇ ಇದ್ದೀನಿ, ಒಂದಲ್ಲ ಒಂದು ದಿನ ಅವನಿಗೆ..."

"ಬುದ್ಧಿ ಕಲಿಸ್ತೀಯಾ" ಎಂದ ಮಗ, ತಟ್ಟೆಯಿಂದ ತಲೆ ಎತ್ತದೆ.

"ಏಯ್! ನನ್ನ ಮಾತು ನಾನು ಪೂರ್ತಿ ಮಾಡ್ಕೋತೀನಿ. ಅರ್ಧಕ್ಕೇ ಬಾಯಿ ಹಾಕಿ ಮುಗಿಸು ಅಂತ ನಿನ್ನನ್ನ ಯಾರು ಕರೆದಿದ್ರು? ನಾನು ಬೇರೆ ಏನೋ ಹೇಳೋಳಿದ್ದೆ!"

ಸೊಸೆಯ ಕೈ ತಟ್ಟೆಗೂ ಬಾಯಿಗೂ ಮಧ್ಯೆ ನಿಂತಿತು. ಅವಳು ಮೆಲ್ಲನೆ ಅತ್ತೆಯತ್ತ ನೋಡಿದಳು. ಅರ್ಧಕ್ಕೆ ಬಾಯಿ ಹಾಕುವವರನ್ನು ಕಂಡರೆ ಆಗದು. ಇನ್ನೂ ಸೂರ್ಯ ಮುಳುಗುವ ಮೊದಲೇ ಮನೆಯ ಎಲ್ಲ ದೀಪ ಹಾಕಿಸಿ 'ಏನಿದು ಮಂಕು' ಎನ್ನುವವರು. ಪೇಪರನ್ನು ಕೈ ಚಾಚುವಷ್ಟು ದೂರ ಹಿಡಿದು, ಅಕ್ಷರ ಸಣ್ಣದಾಯಿತೆಂದು ಅಚ್ಚು ಹಾಕಿದವರನ್ನು ಬಯ್ಯುವವರು. ಇಷ್ಟು ದಿನ ಆಫೀಸಿನ ಪರದೆಯ ಮೇಲೆ ಕೂತಿದ್ದ ಭೂತ ಈಗ ಎದುರಿಗೆ ಕೂತು ಮಜ್ಜಿಗೆ ಸುರಿದುಕೊಳ್ಳುತ್ತಿತ್ತು. ಅವಳಿಗೆ ನಗು ಒತ್ತರಿಸಿ ಬಂದು ನೆತ್ತಿಗೆ ಹತ್ತಿತು. ಅತ್ತೆ ತಲೆ ತಟ್ಟಿ, "ಯಾರೋ ನೆನೆಸ್ಕೊಂಡ್ರು, ನೀರು ಕುಡಿ" ಎಂದರು.

ಮರುದಿನ ಅವಳು ಅಕ್ಷರಗಳನ್ನು ಮೊದಲಿನಷ್ಟು ಕುಗ್ಗಿಸಲಿಲ್ಲ. ತನ್ನ ಹದಿನಾಲ್ಕಕ್ಕೂ ಅತ್ತೆಯ ಮೂವತ್ತಕ್ಕೂ ನಡುವೆ ಒಂದು ಅಳತೆ ಇಟ್ಟಳು. ಮಧ್ಯಾಹ್ನ ಅದು ಸ್ವಲ್ಪ ಮೇಲೇರಿತು. ಅವಳು ತುಸು ಇಳಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಒಂದೇ ಒಂದು ಮೆಟ್ಟಿಲು ಏರಿ ಅಲ್ಲೇ ನಿಂತಿತು. ಇಕ್ಕಟ್ಟಿನ ಸೀಟಿನಲ್ಲಿ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಎಂದು ಊರಿಗೆಲ್ಲ ಹೇಳಿದವರು, ತಾವೂ ಮಾಡಿಕೊಂಡಿದ್ದರು. ಯಾರ ಜೊತೆ ಎಂದು ಅವರಿಗೆ ತಿಳಿದಿತ್ತೋ, ಲ್ಯಾಪ್‌ಟಾಪಿನ ಜೊತೆಗೇ ಚೌಕಾಸಿ ಎಂದುಕೊಂಡಿದ್ದರೋ ಅವಳಿಗೆ ಗೊತ್ತಾಗಲಿಲ್ಲ. ಪದ ತೋರಿಸುವ ಆ ಪುಟ್ಟ ಚೌಕವನ್ನು ಮಾತ್ರ ಅವಳು ಮತ್ತೆ ತೆರೆಯಲು ಹೋಗಲಿಲ್ಲ. ಅತ್ತೆಯ ಮಾತಿಗೆ ಅಡ್ಡ ಬರುವ ಧೈರ್ಯ ಅವಳಿಗೆ ಎದುರಿಗೂ ಇರಲಿಲ್ಲ, ಹಿಂದಿನಿಂದಲೂ ಇರಲಿಲ್ಲ.

ಗುರುವಾರ ಆಫೀಸಿನಲ್ಲಿ ಕರೆಂಟು ಕೈಕೊಟ್ಟು ಎಲ್ಲರನ್ನೂ ಬೇಗ ಮನೆಗೆ ಕಳಿಸಿದರು. ಅವಳು ಸದ್ದಿಲ್ಲದೆ ಬೀಗ ತೆಗೆದು ಚಪ್ಪಲಿ ಬಿಡುತ್ತಿದ್ದಾಗ ಒಳಕೋಣೆಯಿಂದ ಗದರಿಕೆ ಕೇಳಿಸಿತು. "ಮುಂದೆ ಹೋಗು ಅಂದ್ರೆ ಹೋಗ್ಬೇಕು! ನಾಲ್ಕರಲ್ಲೇ ನಿಂತ್ಕೊಂಡ್ರೆ ಹಿಂದಿರೋ ನಂಬರೆಲ್ಲ ಎಲ್ಲಿಗೆ ಹೋಗ್ಬೇಕು?"

ಬಾಗಿಲ ಸಂದಿಯಿಂದ ನೋಡಿದಳು. ಮಂಚದ ಮೇಲೆ ಹಳೆಯ ಲ್ಯಾಪ್‌ಟಾಪು, ಪಕ್ಕದಲ್ಲಿ ಪಾಠದ ವಿಡಿಯೋ ನಿಲ್ಲಿಸಿಟ್ಟ ಫೋನು. ಅತ್ತೆ ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು, ಟಿಕೇಟು ಹರಿಯುತ್ತಿದ್ದ ಅದೇ ಬೆರಳಿನಿಂದ ಒಂದೊಂದೇ ಕೀಲಿ ಒತ್ತುತ್ತಿದ್ದರು. ಪರದೆಯ ಮೇಲೆ ಯಾರ ಕೈಯೂ ಸೋಕದ, ಮೆತ್ತಗೆ ಮಲಗಿಸಲಾಗದ ಒಂದು ದಾಳ ತಯಾರಾಗುತ್ತಿತ್ತು. ಆದರೆ ಒತ್ತಿದಾಗಲೆಲ್ಲ ಬೀಳುತ್ತಿದ್ದದ್ದು ನಾಲ್ಕೇ. ದಪ್ಪ ಅಕ್ಷರದಲ್ಲಿದ್ದ ಕಾರಣ ತಪ್ಪು ಎಲ್ಲಿದೆಯೆಂದು ಅವಳಿಗೆ ಬಾಗಿಲಿನಿಂದಲೇ ಕಾಣಿಸಿತು. ಒಳಗೆ ಹೋಗಿ ಒಂದು ಸಾಲನ್ನು ಕೆಳಕ್ಕೆ ಸರಿಸಿದ್ದರೆ ಮುಗಿಯುತ್ತಿತ್ತು. ಕೈ ತುರಿಸಿತು. ಆದರೆ ಕಂಬ ಹಿಡಿಯದೆ ನಿಂತವರ ರಟ್ಟೆಯನ್ನು ತಾನಾಗಿ ಹೋಗಿ ಹಿಡಿದರೆ ಅವರು ಮತ್ತೆಂದೂ ಆ ಬಸ್ಸು ಹತ್ತುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಹೊರಗೆ ಬಂದು ಬಾಗಿಲು ಹಾಕಿ, ಗಂಟೆ ಒತ್ತಿದಳು. ಒಳಗೆ ದಡಬಡ ಸದ್ದು. ಬೀರುವಿನ ಬಾಗಿಲು ಕಿರುಗುಟ್ಟಿತು. ಅತ್ತೆ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ಪ್ರತ್ಯಕ್ಷರಾದರು.

"ಏನೇ ಇಷ್ಟು ಬೇಗ? ನಾನು ಧೂಳು ಹೊಡೀತಿದ್ದೆ."

"ಹೌದತ್ತೆ, ತುಂಬಾ ಧೂಳು ಈಗ" ಎಂದಳು ಅವಳು, ಇಸ್ತ್ರಿ ಮಡಿಕೆಯೂ ಬಿಚ್ಚದ ಆ ಬಟ್ಟೆಯನ್ನು ನೋಡದವಳಂತೆ.

ಶುಕ್ರವಾರ ಬೆಳಿಗ್ಗೆ ತರಲೆ ಮತ್ತೆ ನೆನಪಿಸಿದ. "ಸಿಂಕ್ ಆಫ್ ಮಾಡಿದ್ರಾ?"

"ಈ ಹೊತ್ತಲ್ಲಿ ನಮ್ಮತ್ತೆ ತರಕಾರಿ ತರೋಕೆ ಹೋಗ್ತಾರೆ. ಏನೂ ಆಗಲ್ಲ" ಎಂದಳು. ಬೆರಳು ಆ ಗುಂಡಿಯ ಮೇಲೆ ಹೋಗಿ ವಾಪಸು ಬಂದಿತ್ತು. ಆಫ್ ಮಾಡಿದರೆ ಅತ್ತೆಗೆ ಏನೂ ತಿಳಿಯುತ್ತಿರಲಿಲ್ಲ, ನಿಜ. ಆದರೆ ಮಧ್ಯಾಹ್ನ ಅಕ್ಷರಗಳು ಒಂದು ಮೆಟ್ಟಿಲು ಏರುವುದನ್ನು ಕಾಯುವ ಅಭ್ಯಾಸ ಅವಳಿಗೇ ಆಗಿಬಿಟ್ಟಿತ್ತು.

ಕೋಣೆಯ ತುಂಬ ಜನ ಕೂತಿದ್ದರು. ಎಲ್ಲರ ಹಿಂದೆ ದೊಡ್ಡ ಸಾಹೇಬರು, ಎಂದಿನಂತೆ ಕಣ್ಣು ಮುಚ್ಚಿಕೊಂಡು. ಆಫೀಸಿನಲ್ಲಿ ಅವರಿಗೆ 'ಧ್ಯಾನ' ಎಂದೇ ಅಡ್ಡಹೆಸರು. ಹೊಸಬರ ಕೆಲಸ ಕಣ್ಣು ತೆರೆದು ನೋಡುವಷ್ಟೂ ಬೆಲೆಯಿಲ್ಲದ್ದೆಂದು ಅವರ ಭಾವನೆ ಎಂದು ಎಲ್ಲರೂ ನಂಬಿದ್ದರು. ಅವಳಿಗೆ ಸಿಕ್ಕಿದ್ದ ತೊಡಕು ಇಷ್ಟೇ: ರೋಗಿಯೊಬ್ಬ ಬರುವುದಿಲ್ಲ ಎಂದು ತಿಳಿಸಿದರೂ ಅವನ ಸಮಯ ಬಿಡುಗಡೆಯಾಗದೆ ಹಾಗೇ ಉಳಿದುಬಿಡುತ್ತಿತ್ತು. ಅವಳು ವಿವರಿಸುತ್ತ ಎರಡು ಮೂರು ಸಾಲು ಬರೆದಿದ್ದಳಷ್ಟೆ.

ಗೋಡೆಯ ಮೇಲಿನ ಅಕ್ಷರಗಳು ಒಂದು ಸಲ ಮೈಮುರಿದು ದೊಡ್ಡದಾದವು.

ಅತ್ತೆ ತರಕಾರಿಗೆ ಹೋಗಿಲ್ಲ! ಮತ್ತೊಮ್ಮೆ ದೊಡ್ಡದಾದವು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತರಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಅವಳು ಕುಗ್ಗಿಸಲು ಹೋದರೆ, ಅಲ್ಲಿಂದ ಇನ್ನಷ್ಟು ಹಿಗ್ಗಿದವು. ಮನೆಯಲ್ಲಿ ಕನ್ನಡಕ ಎಲ್ಲೋ ಮರೆತಿಟ್ಟಿರಬೇಕು, ಇಲ್ಲವೇ ನಾಲ್ಕರ ಮೇಲಿನ ಸಿಟ್ಟು ಇರಬೇಕು.

"ಹಾಂ, ಅಷ್ಟೇ ಇರ್ಲಿ! ಮುಟ್ಬೇಡಮ್ಮ" ಎಂದು ಹಿಂದಿನಿಂದ ದನಿ ಬಂತು.

ಸಾಹೇಬರ ಕಣ್ಣು ಪೂರ್ತಿ ತೆರೆದಿತ್ತು. ಅವರು ಎದ್ದು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದು, ಮಗ್ಗಿ ಒಪ್ಪಿಸುವವರಂತೆ ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿದರು. "ಇದು ಸರಿ. ಇದೂ ಸರಿ. ಇಲ್ಲಿ ನೋಡು, ರೋಗಿ ಹೆಸರು ತೆಗೆದೆ, ಸಮಯ ತೆಗೀಲಿಲ್ಲ."

"ಅದನ್ನೇ ಈಗ ಬರೆಯೋಳಿದ್ದೆ ಸರ್" ಎಂದು ಅವಳು ಬರೆದಳು. ಚೌಕದ ಸಹಾಯವಿಲ್ಲದೆ, ಒಂದೊಂದೇ ಅಕ್ಷರ. ಪ್ರೋಗ್ರಾಮು ಓಡಿಸಿ ನೋಡಿದರೆ ಸಮಯ ಬಿಡುಗಡೆಯಾಗಿತ್ತು.

"ಭೇಷ್! ಸೋಮವಾರದಿಂದ ಖಾಯಂ" ಎಂದರು ಸಾಹೇಬರು. ಆಮೇಲೆ ಉಳಿದವರತ್ತ ತಿರುಗಿ, "ನೀವೆಲ್ಲ ಇರುವೆ ಸಾಲು ಹಾಕಿದ ಹಾಗೆ ಬರೀತೀರಿ. ಇಷ್ಟು ವರ್ಷ ನನಗೇನೂ ಕಾಣಿಸ್ತಿರ್ಲಿಲ್ಲ ಕಣ್ರಯ್ಯ. ಹೇಳೋಕೆ ನಾಚಿಕೆ, ಕಣ್ಣು ಮುಚ್ಕೊಂಡು ಕೂತಿರ್ತಿದ್ದೆ" ಎಂದು ತಾವೇ ನಕ್ಕುಬಿಟ್ಟರು. "ಇಷ್ಟು ದೊಡ್ಡದಾಗಿ ಬರೀಬೇಕು ಅಂತ ನಿನಗೆ ಯಾರಮ್ಮ ಹೇಳಿಕೊಟ್ಟಿದ್ದು?"

"ನಮ್ಮತ್ತೆ ಸರ್" ಎಂದಳು. ತಮಾಷೆಯೆಂದುಕೊಂಡು ಕೋಣೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಸಂಜೆ ಸುದ್ದಿ ಹೇಳಿದಾಗ ಅತ್ತೆ, "ಆಗದೆ ಇನ್ನೇನು? ನನ್ನ ಸೊಸೆ!" ಎಂದು, ಅದರಲ್ಲಿ ತಮ್ಮ ಪಾಲೇನೂ ಇಲ್ಲದವರಂತೆ ಚಹಾ ಬಗ್ಗಿಸಿದರು. ಲೋಟ ಕೈಗಿಟ್ಟವರು ಒಳಗೆ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ, ಸೀಟಿಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ನಿಂತರು.

"ಅಲ್ಲವೇ, ಒಂದು ದಾಳ ಇದೆ ಅಂತ ಇಟ್ಕೋ. ಯಾವಾಗ ನೋಡಿದ್ರೂ ನಾಲ್ಕೇ ಬೀಳತ್ತೆ. ಯಾಕಿರಬಹುದು?"

ಅವಳು ಚಹಾದೊಳಗೆ ನೋಡುತ್ತ ಹೇಳಿದಳು. "ಆಟ ಶುರುವಾಗೋ ಮುಂಚೆ ಒಂದೇ ಸಲ ಹಾಕಿ, ಆಮೇಲೆ ಅದನ್ನೇ ನೋಡ್ತಾ ಕೂತ್ರೆ ಹಾಗಾಗತ್ತೆ ಅತ್ತೆ. ಪ್ರತಿ ಸರದಿ ಬಂದಾಗ ಹೊಸದಾಗಿ ಹಾಕ್ಬೇಕು. ಸರದಿಯ ಒಳಗೇ."

"ಸರದಿಯ ಒಳಗೇ..." ಅತ್ತೆ ಬಾಯಲ್ಲೇ ಒಂದು ಸಲ ಹೇಳಿಕೊಂಡರು. ದಾರ ಸುತ್ತುವುದು ನಿಂತಿತು. ಸೊಸೆಯ ಮುಖವನ್ನೇ ಒಂದು ಗಳಿಗೆ, ಟಿಕೇಟಿಲ್ಲದವರನ್ನು ನೋಡುವ ಹಾಗೆ ದಿಟ್ಟಿಸಿದರು. ಅವಳು ಊದದೆಯೇ ಚಹಾ ಗುಟುಕರಿಸಿ ನಾಲಿಗೆ ಸುಟ್ಟುಕೊಂಡಳು. ಅತ್ತೆ ಒಳಗೆ ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡರು.

ಭಾನುವಾರ ಕೆಳಮನೆಯಿಂದ ಡ್ರೈವರನ ಕೂಗಾಟ ಮೇಲಿನವರೆಗೂ ಕೇಳಿಸಿತು. "ಕೈಯಿಲ್ಲ, ಕಾಲಿಲ್ಲ, ಉರುಳೋದಿಲ್ಲ, ಇದನ್ನ ದಾಳ ಅಂತ ಹೇಗ್ರೀ ನಂಬೋದು?" ಅದರ ಹಿಂದೆಯೇ ಉದ್ದವಾದ ಒಂದು ಸೀಟಿ. ಮಲಗಿದ್ದ ಗಂಡ ಬೆಚ್ಚಿ ಎದ್ದು, "ಏನಾಯ್ತು?" ಎಂದ. ಅವಳು, "ಅತ್ತೆ ಏಣಿ ಹತ್ತಿರಬೇಕು, ಮಲಗಿ" ಎಂದಳು.

ಸೋಮವಾರ ಆಫೀಸಿನಲ್ಲಿ ಎಡಿಟರ್ ತೆರೆದಳು. ಬಿಳಿ ಹಿನ್ನೆಲೆ ಹಾಗೇ ಇತ್ತು. ಅಕ್ಷರಗಳು ಇಬ್ಬರೂ ಒಪ್ಪಿಕೊಂಡಿದ್ದ ಅಳತೆಗೆ ಮರಳಿದ್ದವು. ಪಕ್ಕದ ಮೇಜಿನಲ್ಲಿ ತರಲೆಯೂ ತನ್ನ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು ಕೂತಿದ್ದ. ಅವಳು ಕುರ್ಚಿ ಮುಂದೆಳೆದುಕೊಂಡು ಎರಡಕ್ಷರ ಒತ್ತಿದಳು.

ಅಕ್ಷರಗಳ ಕೆಳಗೆ, ಅತ್ತೆ ಮುಚ್ಚಿಸಿದ್ದ ಆ ಪುಟ್ಟ ಚೌಕ ತೆರೆದುಕೊಂಡು, ಉಳಿದ ಪದವನ್ನು ಹಿಡಿದು ಕಾಯುತ್ತ ನಿಂತಿತು.